ಬೇಳೆಯೊಳಗಿನ ಮುಳ್ಳು

ಕೇಳಿ ಅಕ್ಕಂದಿರೇ, ಕೇಳಿ ಅಣ್ಣಂದಿರೇ. ಬೆಳೆಯುವ ಮಗು ತಟ್ಟೆಯನ್ನು ದೂರ ತಳ್ಳಿ "ನನಗೆ ಬೇಡ" ಎಂದರೆ ಅಡುಗೆ ಮಾಡಿದವರ ಎದೆಯಲ್ಲಿ ಏನೋ ಒಂದು ಕುಸಿಯುತ್ತದೆ. ಮಗು ಬೇಡ ಎಂದದ್ದು ಊಟವನ್ನೋ, ನಮ್ಮನ್ನೋ ಎಂಬ ಸಂಶಯ ಬರುತ್ತದೆ. ಅಂಥ ಸಂಶಯ ಹೊಕ್ಕ ಒಂದು ಮನೆಯ ಕಥೆ ಇದು. ಅದು ಮೀನು ಮಾರುವವನ ಮನೆ.

ಮೆಟ್ಟಿಲು ಹತ್ತಿದರೆ ಮನೆ, ಇಳಿದರೆ ಅಂಗಡಿ. ಕೆಳಗೆ ತಕ್ಕಡಿ, ಮೇಲೆ ತಟ್ಟೆ. ಬೆಳಕು ಹರಿಯುವ ಮೊದಲೇ ಐಸಿನ ಗಾಡಿ ಬಂದು ನಿಲ್ಲುತ್ತಿತ್ತು. ಕಲ್ಲಿನ ಹಾಸಿನ ಮೇಲೆ ಐಸು ಹರಡಿ, ಐಸಿನ ಮೇಲೆ ಮೀನು ಸಾಲಾಗಿ ಮಲಗಿಸಿ, ಚೂರಿಗೆ ಸಾಣೆ ಹಿಡಿದು ಅವನು ಕೂಗು ಹಾಕಿದರೆ ಬೀದಿಯ ಕೊನೆಯ ಮನೆಗೂ ಕೇಳುತ್ತಿತ್ತು. ಎಲ್ಲರೂ ಅವನನ್ನು ಮೀನಣ್ಣ ಎಂದೇ ಕರೆಯುತ್ತಿದ್ದರು. ಅವನ ಹೆಂಡತಿಗೆ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ. ಬೆಳಗ್ಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ. ಹಾಗಾಗಿ ಒಲೆ, ಪಾತ್ರೆ, ಉಪ್ಪಿನ ಡಬ್ಬಿ ಎಲ್ಲವೂ ಮೀನಣ್ಣನ ತಾಯಿಯ ಆಳ್ವಿಕೆಗೆ ಸೇರಿದ್ದವು. ಅಜ್ಜಿ ದೇವರ ಹೆಸರು ಹೇಳದೆ ಒಲೆ ಹಚ್ಚಿದವಳಲ್ಲ. ಹಚ್ಚಿದ ಒಲೆಯ ಮೇಲೆ ಮೀನು ಇಡದೆ ಆರಿಸಿದವಳೂ ಅಲ್ಲ.

ಆ ಮನೆಯ ಒಬ್ಬಳೇ ಮಗಳಿಗೆ ಹದಿನೈದು ವರ್ಷ. ನಿಂತಲ್ಲಿ ನಿಲ್ಲದವಳು, ಕೂತಲ್ಲಿ ಕೂರದವಳು. ಅದಕ್ಕೇ ಅವಳಿಗೆ ಬುಗುರಿ ಎಂದು ಹೆಸರು ಬಿದ್ದಿತ್ತು. ಶಾಲೆಯ ರಿಲೇ ಓಟದ ತಂಡದಲ್ಲಿ ಅವಳದು ಕೊನೆಯ ಸುತ್ತು, ಎಂದರೆ ಎಲ್ಲರಿಗಿಂತ ಜೋರಾಗಿ ಓಡುವವರ ಸುತ್ತು.

ಒಂದು ರಜೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಬುಗುರಿ ತಟ್ಟೆಯಲ್ಲಿದ್ದ ಮೀನನ್ನು ಅಪ್ಪನ ತಟ್ಟೆಗೆ ಹಾಕಿದಳು.

"ಇನ್ಮೇಲೆ ನನಗೆ ಮೀನು ಬೇಡ. ಕೋಳಿನೂ ಬೇಡ, ಮೊಟ್ಟೆನೂ ಬೇಡ," ಎಂದಳು.

"ಯಾಕೆ, ಉಪ್ಪು ಜಾಸ್ತಿ ಆಯ್ತಾ?" ಮೀನಣ್ಣ ನಕ್ಕ.

"ಇಲ್ಲಪ್ಪ. ಅದು ನನ್ನನ್ನೇ ನೋಡ್ತಾ ಇರೋ ಹಾಗೆ ಅನ್ಸುತ್ತೆ. ತಿನ್ನೋಕಾಗಲ್ಲ."

"ಮೀನಿಗೆ ರೆಪ್ಪೆನೇ ಇಲ್ಲ ಕಣೇ. ಅದು ಎಲ್ಲರನ್ನೂ ಹಾಗೇ ನೋಡೋದು. ನಿನ್ನೊಬ್ಬಳ ಮೇಲೆ ಅದಕ್ಕೇನು ವಿಶೇಷ ಕಣ್ಣಲ್ಲ!"

ಬುಗುರಿ ನಗಲಿಲ್ಲ. ಅವಳು ನಗದೇ ಇದ್ದುದನ್ನು ನೋಡಿ ಮೀನಣ್ಣನ ನಗುವೂ ನಿಂತಿತು.

"ನಿನ್ನ ಕಾಲಲ್ಲಿರೋ ಬೂಟು ಯಾರು ಕೊಡಿಸಿದ್ದು? ಆ ಮೀನೇ ಕೊಡಿಸಿದ್ದು."

"ಮೀನು ಮಾರ್ಬೇಡ ಅಂತ ನಾನು ಹೇಳಿದ್ನಾ? ಬೇಕಾದ್ರೆ ದಿನಾ ಐಸು ಹೊತ್ತು ಕೊಡ್ತೀನಿ. ತಿನ್ನಲ್ಲ, ಅಷ್ಟೇ."

ಹೇಳಿದ ಹಾಗೆಯೇ ನಡೆದಳು ಹುಡುಗಿ. ಬೆಳಗ್ಗೆ ಎದ್ದು ಅಪ್ಪನಿಗೆ ಐಸಿನ ಬಕೆಟ್ಟು ಹೊತ್ತು ಕೊಡುವಳು, ಮೇಲೆ ಬಂದು ಅನ್ನ, ಬೇಳೆ, ಸೊಪ್ಪು, ಮೊಸರು ಉಣ್ಣುವಳು. ಸುದ್ದಿ ಬೀದಿಗೆ ಹಬ್ಬುವುದು ತಡವಾಗಲಿಲ್ಲ. "ಏನ್ ಮೀನಣ್ಣ, ನಿನ್ನ ಮಗಳಿಗೇ ಬೇಡ್ವಂತೆ ನಿನ್ನ ಮೀನು? ತಾಜಾ ಇದೆ ತಾನೇ?" ಎಂದು ಗಿರಾಕಿಗಳು ರೇಗಿಸುತ್ತಿದ್ದರು. ಮೀನಣ್ಣ ಹಲ್ಲು ಕಿರಿದು ಚೂರಿ ಆಡಿಸುತ್ತಿದ್ದ. ಒಳಗೊಳಗೇ ಬೇಯುತ್ತಿದ್ದ.

ಅವನಿಗಿಂತ ಹೆಚ್ಚು ಬೇಯುತ್ತಿದ್ದವಳು ಅಜ್ಜಿ. ಮಗನಿಗೆ ಇದ್ದದ್ದು ಮರ್ಯಾದೆಯ ಚಿಂತೆ, ಅವಳಿಗೆ ಮೊಮ್ಮಗಳ ಮೈಯ ಚಿಂತೆ. ಬೆಳೆಯೋ ಹೆಣ್ಣುಮಗು. ಮೀನು ಇಲ್ಲದೆ ಮೈಯಲ್ಲಿ ರಕ್ತ ಎಲ್ಲಿಂದ ಊರಬೇಕು? ಮೂಳೆಗೆ ಬಲ ಎಲ್ಲಿಂದ ಬರಬೇಕು? ಬೇಳೆ, ಸೊಪ್ಪು ಎನ್ನುವುದು ಮೀನಿನ ಪಕ್ಕದಲ್ಲಿ ಇರಬೇಕಾದ್ದೇ ಹೊರತು ಮೀನಿನ ಜಾಗದಲ್ಲಿ ಕೂರುವಂಥದ್ದಲ್ಲ ಎಂದು ಅವಳ ನಂಬಿಕೆ.

ಕೊನೆಗೆ ಅಜ್ಜಿ ತನಗೆ ತೋಚಿದ ಉಪಾಯ ಹೂಡಿದಳು. ಮೊಮ್ಮಗಳು ಶಾಲೆಗೆ ಹೋದ ಮೇಲೆ ಮೀನಿನ ತಲೆಗಳನ್ನು ನೀರಿನಲ್ಲಿ ಬೇಯಿಸಿ, ಆ ನೀರನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ, ಅದರಲ್ಲೇ ಬುಗುರಿಯ ಬೇಳೆ ಬೇಯಿಸತೊಡಗಿದಳು. ವಾಸನೆ ಮುಚ್ಚಲು ಒಂದಿಷ್ಟು ಹೆಚ್ಚು ಬೆಳ್ಳುಳ್ಳಿ, ಒಂದಿಷ್ಟು ಹೆಚ್ಚು ಮೆಣಸು. ಸುರಿಯುವಾಗ ಬಾಗಿಲ ಕಡೆ ತಿರುಗಿ ತಿರುಗಿ ನೋಡುತ್ತಿದ್ದಳು. "ಇದು ಸುಳ್ಳಲ್ಲ ದೇವರೇ, ಔಷಧಿ," ಎಂದು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ದೇವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮೊಮ್ಮಗಳು ಮಾತ್ರ ತಟ್ಟೆ ಬಳಿದು ಉಂಡು, "ಅಜ್ಜಿ, ನಿನ್ನ ಕೈಯ ಬೇಳೆ ಅಂದ್ರೆ ಬೇಳೆ!" ಎನ್ನುವಳು. ಆ ಮಾತು ಕೇಳಿದಾಗಲೆಲ್ಲ ಅಜ್ಜಿಗೆ ಸಂತೋಷವಾಗುವುದು, ಸಂತೋಷದ ಹಿಂದೆಯೇ ಏನೋ ಕಚ್ಚುವುದು.

ಬಟ್ಟೆ ಎಲ್ಲಿ ಸವೆದಿತ್ತೋ, ಗಮನ ಎಲ್ಲಿ ತಪ್ಪಿತೋ. ಒಂದು ದಿನ ಬುಗುರಿ ಉಣ್ಣುವುದನ್ನು ಥಟ್ಟನೆ ನಿಲ್ಲಿಸಿದಳು. ಬಾಯಿಯಿಂದ ಏನನ್ನೋ ತೆಗೆದು ಬೆರಳ ತುದಿಯಲ್ಲಿ ಹಿಡಿದು ನೋಡಿದಳು. ಕೂದಲಿನಷ್ಟು ಸಣ್ಣ ಮೀನಿನ ಮುಳ್ಳು.

ಅದನ್ನು ತಟ್ಟೆಯ ಅಂಚಿಗೆ ಇಟ್ಟಳು. ತಲೆಯೆತ್ತಿ ಅಜ್ಜಿಯನ್ನು ಒಮ್ಮೆ ನೋಡಿದಳು. ಕೂಗಲಿಲ್ಲ, ಅಳಲಿಲ್ಲ. ಎದ್ದು ಕೈ ತೊಳೆದುಕೊಂಡು ಹೊರಟುಹೋದಳು.

ಅವತ್ತಿನಿಂದ ಆ ಹುಡುಗಿ ಮನೆಯ ಒಲೆಯ ಮೇಲೆ ಬೆಂದದ್ದನ್ನು ಮುಟ್ಟಲಿಲ್ಲ. ತಾನೇ ಸುಲಿದ ಬಾಳೆಹಣ್ಣು, ತಾನೇ ಒಡೆದ ಬಿಸ್ಕತ್ತಿನ ಪೊಟ್ಟಣ, ಅಂಗಡಿಯ ಬ್ರೆಡ್ಡು, ಚಿಪ್ಸು, ಮೇಲೆ ತಾನೇ ಕಾಯಿಸಿಕೊಂಡ ಒಂದು ಲೋಟ ಗಟ್ಟಿ ಚಹಾ. ತನ್ನ ಕಣ್ಣೆದುರು ತೆರೆದದ್ದು ಮಾತ್ರ ಅವಳ ಊಟ. ಅಪ್ಪ ಕೇಳಿದರೆ "ಸ್ಕೂಲಲ್ಲೇ ತಿಂದೆ" ಎನ್ನುವಳು. ಅಮ್ಮ ಕೇಳಿದರೆ "ಹಸಿವಿಲ್ಲ" ಎನ್ನುವಳು. ಅಜ್ಜಿ ಕೇಳಲೇ ಇಲ್ಲ. ಮೀನಿನ ತಲೆ ಬೇಯಿಸುವುದನ್ನು ಅವಳು ಅವತ್ತೇ ಬಿಟ್ಟಿದ್ದಳು. ಆದರೆ ಬಿಟ್ಟೆ ಎಂದು ಹೇಳಬೇಕಾದರೆ ಹಾಕಿದ್ದೆ ಎಂದೂ ಹೇಳಬೇಕಲ್ಲ. ನಾಲಿಗೆ ಏಳಲಿಲ್ಲ.

ಬುಗುರಿಯ ಬಣ್ಣ ಇಳಿಯತೊಡಗಿತು. ಬಾಚಣಿಗೆಯ ತುಂಬ ಕೂದಲು. ಮನೆಯ ಮೆಟ್ಟಿಲು ಹತ್ತಿದರೆ ಏದುಸಿರು. ಪುಸ್ತಕ ಹಿಡಿದರೆ ತೂಕಡಿಕೆ. ಓಟದ ತಂಡದಲ್ಲಿ ಕೊನೆಯ ಸುತ್ತು ಬೇರೆಯವಳ ಪಾಲಾಯಿತು. "ಪರವಾಗಿಲ್ಲ ಬಿಡು, ನನಗೂ ಸಾಕಾಗಿತ್ತು," ಎಂದಳು ಅಮ್ಮನಿಗೆ. ಓಟ ಸಾಕಾಯಿತು ಎನ್ನುವ ಮಗಳನ್ನು ಅಮ್ಮ ಹಿಂದೆ ಎಂದೂ ಕಂಡಿರಲಿಲ್ಲ.

"ನಾನು ಹೇಳ್ಲಿಲ್ವಾ? ಸೊಪ್ಪು ಸದೆ ತಿಂದ್ರೆ ಹೀಗೇ ಆಗೋದು," ಎಂದ ಮೀನಣ್ಣ. ಅವಳು ಸೊಪ್ಪನ್ನೂ ತಿನ್ನುತ್ತಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಪಾತ್ರೆ ಉಜ್ಜುತ್ತಿದ್ದಳು.

ಆಮೇಲೆ ಒಂದು ಬೆಳಗ್ಗೆ ಐಸಿನ ಬಕೆಟ್ಟು ಎತ್ತಿಕೊಂಡು ಅಂಗಡಿಯ ಕಡೆ ಬರುತ್ತಿದ್ದ ಬುಗುರಿ ಬೀದಿಯ ಮಧ್ಯದಲ್ಲೇ ಕುಸಿದಳು. ಬಕೆಟ್ಟು ಉರುಳಿತು, ಐಸು ಕಲ್ಲುಸಕ್ಕರೆಯ ಹಾಗೆ ದಾರಿ ತುಂಬ ಚೆಲ್ಲಿತು. ಮೀನಣ್ಣ ತಕ್ಕಡಿಯಲ್ಲಿದ್ದ ಮೀನನ್ನು ತಕ್ಕಡಿಯಲ್ಲೇ ಬಿಟ್ಟು, ಗಿರಾಕಿಯನ್ನು ನಿಂತಲ್ಲೇ ಬಿಟ್ಟು, ಮಗಳನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿದ. ಮೇಲಿನಿಂದ ನೋಡಿದ ಅಜ್ಜಿ ಬರಿಗಾಲಲ್ಲೇ ಹಿಂದೆ ಓಡಿದಳು. ಮೀನಿನ ಕೆಲಸದ ಒದ್ದೆ ಬಟ್ಟೆಯಲ್ಲಿ ಅವನು ಒಳನುಗ್ಗಿದಾಗ ಸಾಲಿನಲ್ಲಿ ಕೂತಿದ್ದವರು ಯಾರೂ ಹೇಳದೆಯೇ ದಾರಿ ಬಿಟ್ಟರು. ಒಬ್ಬರು ಮೂಗು ಮುಚ್ಚಿಕೊಂಡೇ ಬಾಗಿಲು ತೆರೆದು ಹಿಡಿದರು.

ಡಾಕ್ಟರಮ್ಮ ಹುಡುಗಿಯನ್ನು ಮಲಗಿಸಿ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರು. ಉಗುರು ನೋಡಿದರು, ನಾಲಿಗೆ ನೋಡಿದರು, ರಕ್ತ ತೆಗೆಸಿದರು. ಅಷ್ಟರಲ್ಲಿ ಬುಗುರಿ ಕಣ್ಣು ಬಿಟ್ಟಿದ್ದಳು. ಫಲಿತಾಂಶ ಬಂದಾಗ ಹೇಳಿದರು, "ಗಾಬರಿ ಬೇಡ. ರಕ್ತ ಕಡಿಮೆ ಆಗಿದೆ. ಹಿಮೋಗ್ಲೋಬಿನ್ ಹನ್ನೆರಡಾದ್ರೂ ಇರಬೇಕಾದ್ದು ಒಂಬತ್ತಿದೆ. ವಾಸಿ ಆಗುವಂಥದ್ದೇ. ಮಾತ್ರೆ ಬರೀತೀನಿ, ಇನ್ನೊಂದೆರಡು ಪರೀಕ್ಷೆನೂ ಮಾಡಿಸ್ತೀನಿ. ಊಟದ ವಿಷಯ ನಮ್ಮ ನರ್ಸು ಕೂತು ಮಾತಾಡ್ತಾರೆ."

ನರ್ಸಕ್ಕ ಮೀನಣ್ಣನಿಗೆ ಹೊಸಬಳಲ್ಲ. ವಾರ ತಪ್ಪದೆ ಬಂದು, ಕಿವಿರು ಎತ್ತಿ ನೋಡಿ, ಚೌಕಾಸಿ ಮಾಡಿ ಸಣ್ಣಮೀನು ಕೊಳ್ಳುವ ಗಿರಾಕಿ. ಅವಳನ್ನು ಕಂಡು ಅವನಿಗೆ ತನ್ನ ಕಡೆಯ ಸಾಕ್ಷಿ ಸಿಕ್ಕಷ್ಟು ಧೈರ್ಯ ಬಂತು.

"ನೀವಾದ್ರೂ ಹೇಳಿ ನರ್ಸಕ್ಕ. ಇವಳು ಮೀನು ಬಿಟ್ಟಿದ್ದಕ್ಕೇ ಹೀಗಾಗಿದ್ದು. ಇವತ್ತಿಂದ ತಿನ್ನಲೇಬೇಕು. ಬೇಡ ಅಂದ್ರೆ ಕೂರಿಸಿ ತಿನ್ನಿಸ್ತೀನಿ."

ಬುಗುರಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. "ತಿನ್ನಿಸಿದ್ರೆ ನಾನು ಆ ಮನೆಯಲ್ಲಿ ನೀರೂ ಕುಡಿಯಲ್ಲ," ಎಂದಳು. ಧ್ವನಿಯಲ್ಲಿ ಜೋರಿರಲಿಲ್ಲ. ಅದಕ್ಕೇ ಅಜ್ಜಿಗೆ ಹೆಚ್ಚು ಭಯವಾಯಿತು. ಮಾಡುತ್ತಾಳೆ ಇವಳು, ಹೇಳಿದ್ದನ್ನು ಮಾಡಿಯೇ ಮಾಡುತ್ತಾಳೆ.

ನರ್ಸಕ್ಕ ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಕೂತಳು. "ಮೀನಣ್ಣ, ಸ್ವಲ್ಪ ತಡಿ. ಪುಟ್ಟಿ, ನೀನು ಹೇಳಮ್ಮ. ದಿನಾ ಏನೇನು ತಿಂತೀಯ?"

ಬುಗುರಿ ಹೇಳಿದಳು. ಬಿಸ್ಕತ್ತು, ಬ್ರೆಡ್ಡು, ಬಾಳೆಹಣ್ಣು, ಚಹಾ.

"ಬೇಳೆ? ಕಾಳು? ಸೊಪ್ಪು? ಮೊಸರು?"

"ಇಲ್ಲ."

"ಇದ್ಯಾವ ಸಸ್ಯಾಹಾರನೇ ತಾಯಿ! ಇದರಲ್ಲಿ ಸಸ್ಯನೂ ಇಲ್ಲ, ಆಹಾರನೂ ಇಲ್ಲ," ನರ್ಸಕ್ಕ ಹಣೆ ಚಚ್ಚಿಕೊಂಡಳು. "ಮನೇಲಿ ಮಾಡಲ್ವಾ ಬೇಳೆ, ಸೊಪ್ಪು?"

"ಮಾಡ್ತಾರೆ."

"ಮತ್ತೆ ಯಾಕೆ ತಿನ್ನಲ್ಲ?"

ಬುಗುರಿಯ ಕಣ್ಣು ಒಂದು ಗಳಿಗೆ ಅಜ್ಜಿಯ ಕಡೆ ಹೋಯಿತು, ತಕ್ಷಣ ಹಿಂದೆ ಬಂತು. "ಹಾಗೇ. ರುಚಿಸಲ್ಲ," ಎಂದಳು.

ಅಜ್ಜಿಗೆ ತಟ್ಟನೆ ಹೊಳೆಯಿತು. ಈ ಮಗು ನನ್ನನ್ನು ಕಾಪಾಡುತ್ತಿದೆ. ನಾನು ಇವಳಿಗೆ ಸುಳ್ಳು ಉಣಿಸಿದೆ, ಇವಳು ನನಗಾಗಿ ಸುಳ್ಳು ಹೇಳುತ್ತಿದ್ದಾಳೆ. ಇಷ್ಟು ದಿನ ಏಳದ ನಾಲಿಗೆ ಆಗ ಎದ್ದಿತು.

"ರುಚಿಸದೆ ಅಲ್ಲ ನರ್ಸಮ್ಮ. ನಾನು ಅವಳ ಬೇಳೇಲಿ ಮೀನು ಬೇಯಿಸಿದ ನೀರು ಹಾಕ್ತಿದ್ದೆ. ಕದ್ದು ಹಾಕ್ತಿದ್ದೆ. ಒಂದಿನ ಮುಳ್ಳು ಸಿಕ್ತು ಅವಳಿಗೆ. ಅವತ್ತಿಂದ ನನ್ನ ಕೈಯ ಅನ್ನ ಮುಟ್ಟಿಲ್ಲ."

"ಅಮ್ಮಾ!" ಎಂದ ಮೀನಣ್ಣ.

"ಹೊಡೆದ್ರೆ ಹೊಡಿ ಮಗನೇ. ಮೈಯಲ್ಲಿ ರಕ್ತ ಆಗ್ಲಿ ಅಂತ ಮಾಡಿದೆ."

"ಬೈಯೋದು, ಹೊಡೆಯೋದು ಎಲ್ಲ ಆಮೇಲೆ," ಎಂದಳು ನರ್ಸಕ್ಕ. "ಅಜ್ಜಿ, ಇಲ್ಲಿ ಕೂತ್ಕೊಳ್ಳಿ. ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ಒಂದು ಮಾತು ಕೇಳಿ. ಮೀನು ಬೇಯಿಸಿದ ನೀರಲ್ಲಿ ವಾಸನೆ ಇರುತ್ತೆ, ರುಚಿ ಇರುತ್ತೆ. ರಕ್ತ ಹೆಚ್ಚಿಸೋವಷ್ಟು ಕಬ್ಬಿಣದ ಅಂಶ ಅದರಲ್ಲಿ ಇರಲ್ಲ. ಮಗುಗೆ ಬೇಕಾದ್ದು ಆ ಪಾತ್ರೆಯಲ್ಲೇ ಇತ್ತು. ನೀವು ಸೋಸಿ ಹಾಕಿದ ನೀರಲ್ಲಲ್ಲ, ಬೇಳೇಲಿ. ನೀವು ಕದ್ದು ಕೊಟ್ಟಿದ್ದು ಒಂದು ಹನಿ. ಅದಕ್ಕೆ ಹೆದರಿ ಮಗು ಬಿಟ್ಟಿದ್ದು ಇಡೀ ತಟ್ಟೆ."

ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹಾಸಿಗೆಯ ಮೇಲಿನಿಂದ ಒಂದು ತೆಳ್ಳನೆಯ ಕೈ ಬಂದು ಆ ಸೆರಗನ್ನು ಮೆಲ್ಲಗೆ ಎಳೆಯಿತು.

"ಅಳಬೇಡ ಅಜ್ಜಿ. ಆದ್ರೆ ನನ್ನ ಕೇಳದೆ ಹಾಗೆ ಮಾಡ್ಬಾರ್ದಿತ್ತು ನೀನು."

"ಇಲ್ಲ ಮಗಾ. ಇನ್ನು ಮಾಡಲ್ಲ. ದೇವರಾಣೆ ಮಾಡಲ್ಲ."

ಬಾಗಿಲ ಬಳಿ ನಿಂತಿದ್ದ ಮೀನಣ್ಣ ಮುಂದೆ ಬಂದ. "ಎಲ್ಲ ಸರಿ ನರ್ಸಕ್ಕ. ಆದ್ರೆ ಮೀನು, ಮೊಟ್ಟೆ ಏನೂ ಇಲ್ಲದೆ ಬರೀ ಬೇಳೆ ಸೊಪ್ಪು ತಿಂದು ಓಡೋಕಾಗುತ್ತಾ?"

"ಕುದುರೆ ಏನು ತಿಂದು ಓಡುತ್ತೆ?"

"ಕುದುರೆ ಪರೀಕ್ಷೆ ಬರೆಯಲ್ವಲ್ಲ!"

ಬುಗುರಿ ಪಕ್ಕನೆ ನಕ್ಕಳು. ಆ ನಗುವನ್ನು ಕೇಳಿ ಎಷ್ಟು ದಿನವಾಗಿತ್ತು!

"ಓಡಬಹುದು, ಪರೀಕ್ಷೆನೂ ಬರೀಬಹುದು," ಎಂದಳು ನರ್ಸಕ್ಕ. "ಆದ್ರೆ ಸುಮ್ಮನೆ ಮೀನು ಬಿಟ್ರೆ ಆಗಲ್ಲ. ಬಿಟ್ಟ ಜಾಗಕ್ಕೆ ಇನ್ನೊಂದು ತಂದು ಕೂರಿಸಬೇಕು. ದಿನಾ ಬೇಳೆ ಅಥವಾ ಕಾಳು ಇರಲೇಬೇಕು. ಕಡಲೆ, ಹೆಸರು, ಅವರೆ, ಯಾವುದಾದ್ರೂ ಸರಿ. ನೆನೆಸಿ ಮೊಳಕೆ ಬರಿಸಿದ್ರೆ ಇನ್ನೂ ಒಳ್ಳೇದು. ದಟ್ಟ ಹಸಿರು ಸೊಪ್ಪು. ಒಂದು ಹಿಡಿ ಕಡಲೆಬೀಜ, ಒಂದಿಷ್ಟು ಎಳ್ಳು. ಹಾಲು ಮೊಸರು ತಿಂತೀಯಾ ಪುಟ್ಟಿ?"

"ತಿಂತೀನಿ."

"ಒಳ್ಳೇದಾಯ್ತು. ಮೂಳೆಗೂ ಅದೇ ಬೇಕು. ನರಗಳಿಗೆ, ರಕ್ತಕ್ಕೆ ಬಿ ಹನ್ನೆರಡು ಅಂತ ಒಂದು ವಿಟಮಿನ್ ಬೇಕಾಗುತ್ತೆ. ಅದು ಬೇಳೆ, ಸೊಪ್ಪಲ್ಲಿ ಸಿಗಲ್ಲ, ಹಾಲು ಮೊಸರಲ್ಲಿ ಸಿಗುತ್ತೆ. ನಿನಗೆ ಅದು ಸಾಕಾಗ್ತಿದೆಯಾ ಅಂತ ಡಾಕ್ಟರಮ್ಮ ಪರೀಕ್ಷೆ ಮಾಡಿಸ್ತಾರೆ. ಕಡಿಮೆ ಇದ್ರೆ ಮಾತ್ರೆ ಕೊಡ್ತಾರೆ. ಹಾಲೂ ಮುಟ್ಟದವರು ಇದನ್ನ ಮರೀಲೇಬಾರದು."

"ಮತ್ತೆ ಚಹಾ?" ಅಜ್ಜಿ ಕೇಳಿದಳು. "ಏನೂ ತಿನ್ನಲ್ಲ ಅಂತ, ಅವಳು ಎಷ್ಟು ಕುಡಿದ್ರೂ ಬೇಡ ಅನ್ಲಿಲ್ಲ ನಾನು."

"ಅಲ್ಲೇ ಇರೋದು ಅಜ್ಜಿ ಇನ್ನೊಂದು ತಪ್ಪು. ಊಟದ ಜೊತೆ ಚಹಾ ಕಾಫಿ ಕುಡಿದ್ರೆ, ತಿಂದಿದ್ದರಲ್ಲಿರೋ ಕಬ್ಬಿಣದ ಅಂಶ ಸರಿಯಾಗಿ ಮೈಗೆ ಹತ್ತಲ್ಲ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರ ಇರಲಿ. ಬದಲಿಗೆ ಬೇಳೆಗೋ ಸೊಪ್ಪಿಗೋ ನಿಂಬೆಹಣ್ಣು ಹಿಂಡಿ. ಸೀಬೆಹಣ್ಣು, ಕಿತ್ತಳೆ, ಹುಳಿ ಇರೋ ಯಾವ ಹಣ್ಣಾದ್ರೂ ಸರಿ. ಅದು ಕಬ್ಬಿಣದ ಅಂಶವನ್ನ ಕೈ ಹಿಡಿದು ಒಳಗೆ ಕರ್ಕೊಂಡು ಹೋಗುತ್ತೆ."

ಮೀನಣ್ಣ ಕೆನ್ನೆ ತುರಿಸಿಕೊಂಡ. "ಮೀನು ತಿನ್ನೋ ನೀವೇ ಹೀಗೆ ಹೇಳಿದ್ರೆ ನನ್ನ ಅಂಗಡಿ ಗತಿ?"

"ನಾನು ಮೀನು ತಿಂತೀನಿ, ಮುಂದಿನ ವಾರಾನೂ ಬರ್ತೀನಿ. ಮೀನು ಒಳ್ಳೇ ಆಹಾರನೇ ಮೀನಣ್ಣ. ಅದೊಂದೇ ಆಹಾರ ಅಲ್ಲ, ಅಷ್ಟೇ. ಮೀನು ತಿನ್ನೋ ಮನೆ ಹೆಣ್ಣುಮಕ್ಕಳಲ್ಲೂ ಎಷ್ಟೋ ಜನಕ್ಕೆ ರಕ್ತ ಕಡಿಮೆ ಇದೆ. ಬೆಳೆಯೋ ವಯಸ್ಸು, ತಿಂಗಳು ತಿಂಗಳು ಮುಟ್ಟು, ಹೊಟ್ಟೇಲಿ ಜಂತುಹುಳ, ಕಾರಣ ಹತ್ತಾರು. ಬೇಕಾದ್ರೆ ನಿನ್ನ ಹೆಂಡತಿಯನ್ನೂ ಕರ್ಕೊಂಡು ಬಾ, ನೋಡೋಣ."

"ಅವಳಿಗೇನಾಗಿದೆ? ದಿನಾ ಮೀನು ತಿಂತಾಳೆ, ಗಟ್ಟಿಮುಟ್ಟಾಗಿದ್ದಾಳೆ."

ಮರುದಿನ ಮೀನಣ್ಣನ ಹೆಂಡತಿ ಬಂದು ಬೆರಳು ಚುಚ್ಚಿಸಿಕೊಂಡಳು. ಅವಳ ರಕ್ತವೂ ಕಡಿಮೆ, ಹತ್ತೇ ಬಂತು. ಕಾರ್ಖಾನೆಯಲ್ಲಿ ಬುತ್ತಿಯ ಜೊತೆಗೇ ಚಹಾ ಕುಡಿದು, ಮಿಷಿನ್ನಿನ ಮುಂದೆ ತಲೆ ಸುತ್ತಿದರೆ ನಿದ್ದೆ ಸಾಲದು ಎಂದುಕೊಳ್ಳುತ್ತಿದ್ದವಳು ಅವಳು. "ನೋಡು, ಇದುವರೆಗೂ ಒಂದು ಮೀನನ್ನೂ ಬೇಡ ಅಂದವಳಲ್ಲ ನಾನು," ಎಂದು ಗಂಡನ ಮುಖ ನೋಡಿದಳು. ಅವತ್ತಿನಿಂದ ಸೊಪ್ಪು ಸದೆ ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ.

ಮನೆಯಲ್ಲಿ ಹೊಸದೊಂದು ಪಾತ್ರೆ ಬಂತು, ಮುಚ್ಚಳ ಬಂತು, ಸೌಟು ಬಂತು. ಅವಕ್ಕೆ ಬೇರೆಯದೇ ಗೂಡು. ಅಜ್ಜಿ ಮೊಮ್ಮಗಳನ್ನು ಒಲೆಯ ಪಕ್ಕಕ್ಕೆ ಕರೆದಳು. "ಇಲ್ಲೇ ನಿಂತು ನೋಡು. ನೀರು ನೀನೇ ಹಾಕು, ಬೇಳೆ ನೀನೇ ಹಾಕು. ನಾನು ಉರಿ ಮಾತ್ರ ನೋಡ್ಕೋತೀನಿ." ಬುಗುರಿ ನೀರು ಹಾಕಿದಳು, ಬೇಳೆ ಹಾಕಿದಳು, ಬೇಯುವ ತನಕ ಅಲ್ಲಿಂದ ಕದಲಲಿಲ್ಲ. ಆದರೂ ತಟ್ಟೆಗೆ ಬಡಿಸಿಕೊಂಡ ಮೇಲೆ ಚಮಚದಿಂದ ತಳದವರೆಗೆ ಕೆದಕಿ ಕೆದಕಿ ನೋಡಿದಳು. ಅಜ್ಜಿ ಅದನ್ನು ಕಂಡಳು. ಕಂಡು ಸಹಿಸಿಕೊಂಡಳು. ತಪ್ಪು ತನ್ನದು, ತಾಳ್ಮೆಯೂ ತನ್ನದೇ ಆಗಬೇಕು ಎಂದುಕೊಂಡಳು. ಕೆದಕಿದ ಮೇಲೆ ಹುಡುಗಿ ನಿಂಬೆಹಣ್ಣು ಹಿಂಡಿಕೊಂಡು ತಟ್ಟೆ ಖಾಲಿ ಮಾಡಿದಳು. ಅಷ್ಟು ಸಾಕಾಗಿತ್ತು ಆ ದಿನಕ್ಕೆ.

ಮಾತ್ರೆಯ ಜವಾಬ್ದಾರಿ ಅಮ್ಮನದು. ತಾನೂ ನುಂಗುವಳು, ಮಗಳಿಗೂ ಕೊಡುವಳು, ಹಾಲು ಚಹಾದ ಜೊತೆ ಅಲ್ಲ, ನಿಂಬೆ ಪಾನಕದ ಜೊತೆ. ಮೊದಮೊದಲು ಮಲ ಕಪ್ಪಗೆ ಹೋಗುತ್ತಿದೆ ಎಂದು ಮಗಳು ಹೆದರಿದಾಗ, ಅದು ಮಾತ್ರೆಯಿಂದ, ಹೆದರಬೇಡ ಎಂದು ನರ್ಸಕ್ಕ ಹೇಳಿದಳು. ಮೈ ಹಗುರವಾಯಿತು, ಇನ್ನು ಮಾತ್ರೆ ಸಾಕು ಎಂದಾಗ, "ಡಾಕ್ಟರಮ್ಮ ಸಾಕು ಅನ್ನೋ ತನಕ ನಿಲ್ಲಿಸೋ ಹಾಗಿಲ್ಲ," ಎಂದು ಗದರಿದಳು.

ಮೀನಣ್ಣನೂ ಬದಲಾದ. ಮೀನಿನ ಪಕ್ಕದಲ್ಲಿ ಒಂದು ಬುಟ್ಟಿ ನಿಂಬೆಹಣ್ಣು ಇಟ್ಟ. ಬಂದ ಗಿರಾಕಿಗಳಿಗೆಲ್ಲ ಕಡಲೆಕಾಳಿನ ಗುಣಗಾನ ಮಾಡತೊಡಗಿದ. "ಮೀನು ಮಾರ್ತೀಯೋ ಕಡಲೆ ಮಾರ್ತೀಯೋ?" ಎಂದು ಅವರು ರೇಗಿಸಿದರೆ, "ಮೀನು ಮಾರ್ತೀನಿ. ಕಡಲೆ ಹೊಗಳ್ತೀನಿ. ಹೊಗಳೋದಕ್ಕೆ ದುಡ್ಡು ಕೊಡಬೇಕಾ?" ಎನ್ನುತ್ತಿದ್ದ. ಈ ಸಲದ ಅವನ ನಗುವಿನಲ್ಲಿ ಹಲ್ಲು ಕಿರಿಯುವಿಕೆ ಇರಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಮತ್ತೆ ರಕ್ತಪರೀಕ್ಷೆ ಆಯಿತು. ಅಜ್ಜಿ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕಣ್ಣು ಮುಚ್ಚಿ, ತುಟಿ ಆಡಿಸುತ್ತಾ ಕೂತಿದ್ದಳು. ಒಳಗಿನಿಂದ ನರ್ಸಕ್ಕ ಹೊರಗೆ ಬಂದು, "ಅಜ್ಜಿ, ಕಣ್ಣು ಬಿಡಿ. ಹನ್ನೆರಡು ದಾಟಿದ್ದಾಳೆ ನಿಮ್ಮ ಮೊಮ್ಮಗಳು. ನಿಮ್ಮ ಸೊಸೆನೂ ಹತ್ತಿರ ಬಂದಿದ್ದಾಳೆ," ಎಂದಳು. ಅಜ್ಜಿ ಕೂತಲ್ಲಿಂದಲೇ ನರ್ಸಕ್ಕನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಎಷ್ಟೋ ದಿನಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು ಹೋಯಿತು.

ಆದರೆ ಪೂರ್ತಿ ಇಳಿದದ್ದು ಅವತ್ತಲ್ಲ. ಅದಾದ ಮೇಲಿನ ಒಂದು ಬೆಳಗ್ಗೆ.

ಅಜ್ಜಿ ಎಂದಿನಂತೆ ಬೇಳೆ ತೊಳೆದಿಟ್ಟು, ನೀರು ಹಾಕಲು ಮೊಮ್ಮಗಳನ್ನು ಕಾಯುತ್ತಿದ್ದಳು. ಬುಗುರಿ ಧಡಧಡ ಮೆಟ್ಟಿಲು ಇಳಿಯುತ್ತಿದ್ದ ಸದ್ದು ಕೇಳಿತು. ಅರ್ಧ ಇಳಿದವಳು ಅಲ್ಲಿಂದಲೇ ಕೂಗಿದಳು.

"ಅಜ್ಜೀ, ಇವತ್ತು ಓಟದ ಅಭ್ಯಾಸ ಇದೆ, ಬರೋದು ತಡ ಆಗುತ್ತೆ. ಬೇಳೆ ನೀನೇ ಮಾಡಿಡು."

ಅಜ್ಜಿ ಬಾಗಿಲಿಗೆ ಬಂದಳು. "ನೀನು ನಿಂತು ನೋಡೋದು ಬೇಡ್ವಾ?"

"ಅದರಲ್ಲಿ ನೋಡೋದೇನಿದೆ? ಹಸಿವಾಗಿರುತ್ತೆ ನನಗೆ. ಜಾಸ್ತಿ ಮಾಡು!"

ಹೇಳಿ ಅವಳು ಬೀದಿಗೆ ಇಳಿದಾಗಿತ್ತು. ಅಜ್ಜಿ ಒಳಗೆ ಬಂದು, ದೇವರ ಹೆಸರು ಹೇಳಿ, ಒಲೆ ಹಚ್ಚಿದಳು. ಕೊಡದಿಂದ ತಿಳಿನೀರು ಮೊಗೆದು ಪಾತ್ರೆಗೆ ಸುರಿದಳು. ಬಾಗಿಲ ಕಡೆ ತಿರುಗಿ ನೋಡಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮಾಂಸ ಮೀನು ಬೇಡ ಎನ್ನುವ ಮಗು ಇರಬಹುದು. ಹುಟ್ಟಿನಿಂದಲೇ ಸಸ್ಯಾಹಾರ ಉಣ್ಣುವ ಮನೆ ನಿಮ್ಮದಿರಬಹುದು. ಹೆದರಬೇಡಿ, ಹೆದರಿಸಲೂ ಬೇಡಿ. ಕದ್ದು ಉಣಿಸಬೇಡಿ. ದಿನವೂ ಬೇಳೆ ಕಾಳು, ಸೊಪ್ಪು, ಹಾಲು ಮೊಸರು, ಹಣ್ಣು ಆ ತಟ್ಟೆಯಲ್ಲಿ ಇವೆಯೇ ಎಂದು ನೋಡಿ. ಬಿಸ್ಕತ್ತು, ಚಿಪ್ಸು ಊಟವಲ್ಲ ಎಂದು ಮಗುವಿಗೆ ತಿಳಿಯಹೇಳಿ. ಊಟದ ಹೊತ್ತಿಗೆ ಚಹಾ ದೂರವಿಡಿ, ನಿಂಬೆಹಣ್ಣು ಹತ್ತಿರವಿಡಿ. ಸುಸ್ತು, ಏದುಸಿರು, ತಲೆಸುತ್ತು, ಬಿಳಿಚಿದ ಕಣ್ಣು ಕಂಡರೆ ತಡಮಾಡದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತಪರೀಕ್ಷೆ ಮಾಡಿಸಿ. ಮಾತ್ರೆ ವೈದ್ಯರನ್ನು ಕೇಳಿಯೇ ಕೊಡಿ, ಅವರು ಹೇಳುವ ತನಕ ಕೊಡಿ. ಮಗುವಿನ ಜೊತೆ ಮನೆಯ ಹೆಂಗಸರೂ ಒಮ್ಮೆ ಬೆರಳು ಚುಚ್ಚಿಸಿಕೊಳ್ಳಿ.

ಮಕ್ಕಳೇ, ನಿಮಗೂ ಒಂದು ಮಾತು. ಒಂದನ್ನು ಬೇಡ ಎನ್ನುವ ಹಕ್ಕು ನಿಮಗಿದೆ. ಅದರ ಬದಲು ಏನು ಬೇಕು ಎಂದು ತಿಳಿದುಕೊಳ್ಳುವ ಹೊಣೆಯೂ ನಿಮ್ಮದೇ. ಮನಸ್ಸಿಗೆ ನೋವಾದರೆ ಬಾಯಿಬಿಟ್ಟು ಹೇಳಿ, ತಟ್ಟೆಯ ಮೇಲೆ ಸಿಟ್ಟು ತೀರಿಸಿಕೊಳ್ಳಬೇಡಿ. ಇವತ್ತೇ ಮನೆಯವರ ಜೊತೆ ಅಡುಗೆಮನೆಗೆ ಹೋಗಿ, ನಾಳೆಗೆ ಒಂದು ಹಿಡಿ ಕಾಳು ನೆನೆಹಾಕಿ. ನಿಮ್ಮ ಮೈಗೆ ಬಲ ಬರಲಿ, ಮನೆಗೆ ನೆಮ್ಮದಿ ಬರಲಿ.